ಉಪ್ಪಿನ ಬದುವಿನ ಎರಡು ತುದಿ

“ಅಮ್ಮ, ಯಾವ ತುದಿಯಲ್ಲಿ ಡಿಕ್ಕಿ ಹೆಚ್ಚು ಕಾಣುತ್ತದೋ ತಪ್ಪು ಆ ತುದಿಯದೇ ಅಲ್ಲವೇ?” ಎಂದು ಶ್ರೀಶೈಲ ಕೇಳಿದ.

ಕಂಪ್ಯೂಟರ್ ಜಾಲದ ವಿದ್ಯೆಯನ್ನು ಅವನಿಗೆ ಕಲಿಸಿದವರು ಅಂಬುಜಾಕ್ಷಮ್ಮ. ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಕಚೇರಿಗೂ ಉಗ್ರಾಣಕ್ಕೂ ನಡುವೆ ಒಂದು ಈಥರ್ನೆಟ್ ಕೇಬಲ್ ಇತ್ತು. ಅದು ಹಾಫ್ ಡ್ಯುಪ್ಲೆಕ್ಸ್ ದಾರಿ. ಒಂದು ತುದಿ ಮಾತಾಡುವಾಗ ಇನ್ನೊಂದು ತುದಿ ಕಿವಿಗೊಟ್ಟು ಸುಮ್ಮನಿರಬೇಕು. ಎರಡೂ ಒಟ್ಟಿಗೆ ಬಾಯಿ ತೆರೆದರೆ ಡಿಕ್ಕಿ, ಕಳಿಸಿದ್ದೆಲ್ಲ ಹಾಳು. ಯುಗಾದಿಯಿಂದೀಚೆಗೆ ಉಗ್ರಾಣದ ತುದಿಯಲ್ಲಿ ಡಿಕ್ಕಿಗಳು ಸಾವಿರಗಟ್ಟಲೆ ಏರಿದ್ದವು. ಶ್ರೀಶೈಲ ಕೇಬಲ್ ಬದಲಿಸಿದ. ಕೇಬಲ್ ಬಂದು ಸೇರುವ ಉಗ್ರಾಣದ ಸ್ವಿಚ್ ಪೆಟ್ಟಿಗೆಯನ್ನು ಬದಲಿಸಿದ. ಡಿಕ್ಕಿ ಇಳಿಯಲಿಲ್ಲ. ಕೊನೆಗೆ ಆ ತುದಿಯನ್ನು ನೋಡಿಕೊಳ್ಳುವ ರುಕ್ಸಾನಾಳನ್ನೇ ಕೆಲಸದಿಂದ ತೆಗೆಯಬೇಕೆಂದು ವರದಿ ಬರೆದ. ಕಳಿಸುವ ಮೊದಲು ಗುರುವಿಗೆ ಒಂದು ಮಾತು ಹೇಳಲು ಬಂದಿದ್ದ.

“ನನ್ನ ಕಚೇರಿಯ ತುದಿ ಕನ್ನಡಿಯಂತಿದೆ, ಒಂದೂ ಡಿಕ್ಕಿಯಿಲ್ಲ. ಅವಳ ಕಡೆಯಿಂದ ಬರುವುದೆಲ್ಲ ತುಂಡು ತುಂಡು. ಅದರ ಮೇಲೆ ದಿನಾ ಫೋನ್ ಮಾಡಿ ಗೋಳು ತೋಡಿಕೊಳ್ಳುತ್ತಾಳೆ” ಎಂದ.

ಅಂಬುಜಾಕ್ಷಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. “ಕುಳಿತುಕೋ” ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿಗೆ ಕಡಲ ಬದಿಯಲ್ಲಿ ಉಪ್ಪಿನ ಆಗರವಿತ್ತು. ಆಗರಕ್ಕೂ ಉಪ್ಪು ತುಂಬಿಡುವ ಕೋಠಿಗೂ ನಡುವೆ ಕೆಸರುನೀರು. ನೀರಿನ ನಡುವೆ ಒಂದೇ ಒಂದು ಬದು, ಒಬ್ಬರು ನಡೆಯುವಷ್ಟೇ ಅಗಲ. ಪೂರ್ವದ ಆಗರದಿಂದ ಉಪ್ಪಿನ ಬುಟ್ಟಿ ಹೋಗುತ್ತಿತ್ತು. ಪಶ್ಚಿಮದ ಕೋಠಿಯಿಂದ ಕುಡಿಯುವ ನೀರಿನ ಕೊಡ ಬರುತ್ತಿತ್ತು. ಪೂರ್ವದ ತುದಿಯನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು, ಪಶ್ಚಿಮದ ತುದಿಯನ್ನು ಒಬ್ಬ ಮೇಸ್ತ್ರಿ.

ಬದುವಿಗೆ ಒಂದು ಕಟ್ಟಳೆಯಿತ್ತು. ಕಾಲಿಡುವ ಮೊದಲು ಕೂ ಹಾಕಿ ಕಿವಿಗೊಡಬೇಕು. ಎದುರಿನಿಂದಲೂ ಕೂ ಬಂದರೆ ಇಬ್ಬರೂ ಹಿಂದೆ ಸರಿದು ಕವಡೆ ಎಸೆಯಬೇಕು. ಬಿದ್ದ ಗರದಷ್ಟು ಎಣಿಸಿ ಮತ್ತೆ ಹೊರಡಬೇಕು. ಇಬ್ಬರಿಗೂ ಒಂದೇ ಗರ ಬಿದ್ದು ಮತ್ತೆ ಎದುರಾದರೆ ಕವಡೆಯನ್ನು ಇಮ್ಮಡಿ ಮಾಡಿಕೊಳ್ಳಬೇಕು. ಬದುವಿನ ಬಾಯಲ್ಲಿ ಹೀಗೆ ಎದುರಾಗುವುದು ತಪ್ಪಲ್ಲ. ಒಂದೇ ದಾರಿಯನ್ನು ಇಬ್ಬರು ಹಂಚಿಕೊಂಡ ಮೇಲೆ ಅಷ್ಟು ಇದ್ದದ್ದೇ. ನಡುಬದುವಿನಲ್ಲಿ ಎದುರಾದರೆ ಮಾತ್ರ ಎಲ್ಲೋ ಏನೋ ಕೆಟ್ಟಿದೆ.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಬದುವನ್ನು ದುರಸ್ತಿ ಮಾಡಿಸಿದರು. ಅಂದಿನಿಂದ ನಡುಬದುವಿನಲ್ಲಿ ಡಿಕ್ಕಿ ಶುರುವಾಯಿತು. ಪ್ರತಿ ಸಲವೂ ಕಟ್ಟಳೆಯಂತೆ ಹಿಂದಕ್ಕೆ ತಿರುಗುತ್ತಿದ್ದವರು ಪೂರ್ವದವರೇ. ತಿರುಗುವಾಗ ಅರ್ಧ ಉಪ್ಪು ನೀರುಪಾಲು. ಹೆಂಗಸು ಒಂದೊಂದು ಡಿಕ್ಕಿಗೂ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದಳು. ತಿಂಗಳೊಳಗೆ ಅವಳ ಗೋಡೆ ಕಪ್ಪಾಯಿತು. ಪಶ್ಚಿಮದ ಗೋಡೆಯಲ್ಲಿ ಗೆರೆಯೇ ಇರಲಿಲ್ಲ.

ವ್ಯಾಪಾರಿ ವಿಚಾರಿಸಲು ಬಂದ. “ಧಣಿ, ನನ್ನ ಗೋಡೆಯಲ್ಲಿ ಒಂದು ಗೆರೆ ತೋರಿಸಿ ನೋಡೋಣ” ಎಂದ ಮೇಸ್ತ್ರಿ. “ಅಲ್ಲಿಂದ ಬರುವುದೆಲ್ಲ ಅರ್ಧ ಬುಟ್ಟಿ. ಆಯಮ್ಮನಿಗೆ ಕೈಲಾಗದಿದ್ದರೆ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿಕೊಂಡಿರಲಿ.”

ವ್ಯಾಪಾರಿಗೆ ಮಾತು ಸರಿಯೆನಿಸಿತು. ಪೂರ್ವದ ಆಳುಗಳನ್ನು ಬದಲಿಸಿದ. ಬದುವಿಗೆ ಇನ್ನೊಮ್ಮೆ ಮಣ್ಣು ಮೆತ್ತಿಸಿದ. ಗೆರೆಗಳು ಏರುತ್ತಲೇ ಹೋದವು. ಕೊನೆಗೆ ಹೆಂಗಸನ್ನು ಕರೆದು, “ನಾಳೆಯಿಂದ ಬರಬೇಡ” ಎಂದ.

“ಹೋಗುತ್ತೇನೆ, ಧಣಿ. ಈ ಗೋಡೆಯನ್ನು ಬೇಕಾದಷ್ಟು ನೋಡಿದಿರಿ. ಒಂದು ಹೊತ್ತು ಆ ತುದಿಯಲ್ಲಿ ನಿಂತು ಕಿವಿಗೊಡಿ” ಎಂದಳು ಅವಳು.

ವ್ಯಾಪಾರಿ ಪಶ್ಚಿಮಕ್ಕೆ ಹೋಗಿ ನಿಂತ. ಪೂರ್ವದಿಂದ ಕೂ ಕೇಳಿಸಿತು. ಇತ್ತಲಿನ ಆಳು ಕೊಡ ಹೊತ್ತು ನೆಟ್ಟಗೆ ಬದುವಿಗೆ ಇಳಿದ. ಕೂ ಹಾಕಲಿಲ್ಲ, ನಿಲ್ಲಲಿಲ್ಲ. ಅವನ ಹಿಂದೆ ಇನ್ನೊಬ್ಬ ಇಳಿದ.

“ಕೂ ಯಾಕೆ ಹಾಕುವುದಿಲ್ಲ?” ಎಂದು ವ್ಯಾಪಾರಿ ಕೇಳಿದ.

ಮೇಸ್ತ್ರಿ ನಕ್ಕ. “ಇನ್ನೂ ಯಾಕೆ ಧಣಿ ಆ ಹಳೇ ಕೂಗಾಟ? ದುರಸ್ತಿಯಲ್ಲಿ ಬದು ಅಗಲವಾಯಿತಲ್ಲ. ಇಬ್ಬರು ಆರಾಮಾಗಿ ದಾಟಬಹುದು.”

ಅವನ ಬಾಗಿಲ ಮುಂದಿನ ಹತ್ತು ಹೆಜ್ಜೆ ನಿಜವಾಗಿಯೂ ಅಗಲವಾಗಿತ್ತು. ಅದರಾಚೆಗೆ ಅವನು ನಡೆದು ನೋಡಿರಲಿಲ್ಲ. ಪೂರ್ವದವರನ್ನು ಕೇಳಿಯೂ ಇರಲಿಲ್ಲ. ಹಿಂದೆ ಸರಿಯುವವರು ಅವರೇ ಆದ್ದರಿಂದ ಇವನ ಪಾಲಿಗೆ ಡಿಕ್ಕಿಯೆಂಬುದೇ ಇರಲಿಲ್ಲ.

ಅಂಬುಜಾಕ್ಷಮ್ಮ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಶ್ರೀಶೈಲನಿಗೆ ತನ್ನ ಸ್ವಿಚ್ ನೆನಪಾಯಿತು. ಯುಗಾದಿಯ ಹೊತ್ತಿಗೆ ಅವನು ಕಚೇರಿಯಲ್ಲಿ ಹೊಸ ಸ್ವಿಚ್ ಕೂರಿಸಿದ್ದ. ಎರಡೂ ಕಡೆ ಒಟ್ಟಿಗೆ ಮಾತಾಡಬಹುದೆಂದು ಅದನ್ನು ತಾನೇ ಫುಲ್ ಡ್ಯುಪ್ಲೆಕ್ಸ್‌ಗೆ ಇಟ್ಟಿದ್ದ. ಆ ಸ್ವಿಚ್ ಆಮೇಲೆ ಮಾತಾಡುವ ಮೊದಲು ಯಾರಿಗೂ ಕಿವಿಗೊಟ್ಟಿರಲಿಲ್ಲ. ಉಗ್ರಾಣಕ್ಕೆ ಅವನು ಹೇಳಿಯೂ ಇರಲಿಲ್ಲ.

ಅವನು ಮೆಲ್ಲಗೆ ಕೇಳಿದ: “ಆ ಹೆಂಗಸಿನ ಕೆಲಸ ಉಳಿಯಿತೇ, ಅಮ್ಮ?”

“ನನ್ನನ್ನೇಕೆ ಕೇಳುತ್ತೀ? ವರದಿ ಬರೆದವನು ನೀನು.”