ಚೌರಪ್ಪನ ಹಗ್ಗ ಹಿಡಿದವನು

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಇನ್ನೂ ಮೂಗು ಒರೆಸ್ಕೊಳ್ಳೋಕೆ ಬರ್ತಿರಲಿಲ್ಲವಲ್ಲ, ಆ ಕಾಲದಲ್ಲಿ, ಕಲ್ಲರೆಪಾಳ್ಯ ಅಂತ ಒಂದೂರಿತ್ತಂತೆ. ಊರಿಗೊಂದು ಪುಟಾಣಿ ಚರ್ಚು, ಚರ್ಚಿಗೊಬ್ಬರು ದಪ್ಪನೆ ಸ್ವಾಮಿಗಳು, ಸ್ವಾಮಿಗಳಿಗೊಂದು ಸಣಕಲು ಕತ್ತೆ. ಕತ್ತೆ ಯಾಕೆ ಸಣಕಲು ಅಂತ ಕೇಳಬೇಡ ಪುಟ್ಟಿ, ದಿನಾ ಸ್ವಾಮಿಗಳನ್ನ ಹೊತ್ತು ನೋಡು, ಗೊತ್ತಾಗತ್ತೆ. ಆ ಊರಲ್ಲಿ ಬಾವಿ ತೋಡೋ ಅಣ್ಣತಮ್ಮಂದಿರು ಇಬ್ಬರಿದ್ದರಂತೆ. ಅಣ್ಣ ಚೌರಪ್ಪ, ತಮ್ಮ ಇನ್ನಾಸಪ್ಪ. ತಮ್ಮ ಸಪೂರ, ಅದಕ್ಕೇ ಮಂಕರೀಲಿ ಕೂತು ಕೆಳಗಿಳಿದು ಅಗೆಯೋನು ಅವನು. ಅಣ್ಣ ಗಟ್ಟಿಯಾಳು, ಮೇಲೆ ರಾಟೆ ಹತ್ತಿರ ನಿಂತು ಹಗ್ಗ ಹಿಡಿಯೋನು.

ಬಾವಿ ತೋಡೋರಲ್ಲಿ ಒಂದು ಕಟ್ಟಲೆ ಇತ್ತಂತೆ. ಕೆಳಗಿನವನು ಇದ್ದೀಯಾ ಅಂತ ಕೂಗಿದರೆ ಮೇಲಿನವನು ಓ ಅನ್ನಬೇಕು. ಮೂಗಿನ ಮೇಲೆ ನೊಣ ಕೂತು ಮನೆ ಕಟ್ಟಿದರೂ ಹಗ್ಗದಿಂದ ಕೈ ತೆಗೀಬಾರದು. ಆದರೆ ಚೌರಪ್ಪ ಎಂಥವನು? ಪೂಜೆ ನಡೀತಿರೋವಾಗ ಕೋಳಿ ಥರ ಕೂಗಿ, ಸ್ವಾಮಿಗಳು ಬೈಬಲಿನಲ್ಲಿ ಪೇತ್ರಪ್ಪನವರಿಗೆ ಕೂಗಿದ ಕೋಳಿಯೇ ಬಂತೇನೋ ಅಂತ ತಿರುಗಿ ನೋಡೋ ಹಾಗೆ ಮಾಡಿದ ಭೂಪ ಅವನು. ತಮ್ಮ ಇಳೀತಿರೋವಾಗ ಹಗ್ಗ ಒಂದು ಗೇಣು ಸಡಿಲ ಬಿಟ್ಟು, ಅವನು ಅಯ್ಯೋ ಅಂತ ಕಿರುಚಿದ ಮೇಲೆ ಗಬಕ್ಕನೆ ಹಿಡಿಯೋದು ಅವನ ಆಟ. ಸುತ್ತ ನಿಂತವರೆಲ್ಲ ನಗೋರು. ಇನ್ನಾಸಪ್ಪನೂ ಕೆಳಗಿಂದ ಬೈತಾ ಬೈತಾ ನಗೋನಂತೆ. ಹೀಗೇ ಒಂದು ದಿನ, ಹಗ್ಗ ಒದ್ದೆಯಾಗಿತ್ತು, ಇವನು ಒಂದು ಗೇಣು ಬಿಟ್ಟ, ಅದು ಎರಡಾಳುದ್ದ ಜಾರಿಹೋಯ್ತು. ಆ ದಿನ ಯಾರೂ ನಗಲಿಲ್ಲವಂತೆ.

ಇನ್ನಾಸಪ್ಪ ಬದುಕಿದ, ಆದರೆ ಬಲಗಾಲು ಕುಂಟಾಯ್ತು. ಮನೇಲಿ ಕೂತು ನಾರು ಹೊಸೆದು ಹಗ್ಗ ಮಾಡಿ ಜೀವನ ಮಾಡ್ತಿದ್ದನಂತೆ. ಅವನ ಮನೆಗೂ ಚೌರಪ್ಪನ ಮನೆಗೂ ಮಧ್ಯೆ ನಾಲ್ಕೇ ಮನೆ. ಆ ನಾಲ್ಕು ಮನೆ ದಾಟೋಕೆ ಚೌರಪ್ಪನಿಗೆ ಮೂರು ವರ್ಷ ಆದರೂ ಕಾಲು ಏಳಲಿಲ್ಲ. ಚರ್ಚಿಗೂ ಒಳಗೆ ಹೋಗ್ತಿರಲಿಲ್ಲ, ಹೊರಗೆ ಚಪ್ಪಲಿಗಳ ಜೊತೆ ತಾನೂ ಒಂದು ಚಪ್ಪಲಿ ಥರ ನಿಂತಿರ್ತಿದ್ದ. ಕೋಳಿ ಕೂಗೂ ಮರೆತೇಹೋಯ್ತು.

ಆಮೇಲೆ ಒಂದು ಭಾನುವಾರ ಸ್ವಾಮಿಗಳು ಒಳಗೆ ಪ್ರಸಂಗ ಮಾಡ್ತಾ, ದೇವರ ಪ್ರೀತಿಗೆ ತಳವೇ ಇಲ್ಲ ಅಂದರಂತೆ. ಚಪ್ಪಲಿ ಹತ್ತಿರ ನಿಂತಿದ್ದ ಚೌರಪ್ಪ, ತಳ ಇಲ್ಲದ ಬಾವಿ ನಾನಂತೂ ಕಂಡಿಲ್ಲ ಅಂತ ಗೊಣಗಿದ. ಸ್ವಾಮಿಗಳ ಹೊಟ್ಟೆ ದಪ್ಪ ಆದರೂ ಕಿವಿ ಚುರುಕು. ಪೂಜೆ ಮುಗಿಸಿ ಹೊರಗೆ ಬಂದವರೇ, ಚೌರಪ್ಪಾ, ಹೆಂಗಸರು ನೀರಿಗೆ ಎರಡು ಮೈಲಿ ನಡೀತಿದ್ದಾರೆ, ಚರ್ಚಿನ ಹಿಂದೆ ಒಂದು ಬಾವಿ ತೋಡು ಅಂದರು. ತೋಡ್ತೀನಿ ಸ್ವಾಮಿ, ನಾನೇ ಕೆಳಗಿಳಿದರೆ ಮೇಲೆ ಹಗ್ಗ ಹಿಡಿಯೋನು ಯಾರು, ನಿಮ್ಮ ಕತ್ತೆನಾ ಅಂದ ಇವನು. ಯಾರೂ ಸಿಗದಿದ್ದರೆ ದೇವರೇ ಹಿಡೀತಾನೆ, ಹೋಗೋ ಅಂತ ಗದರಿ ಸ್ವಾಮಿಗಳು ಊಟಕ್ಕೆ ಹೊರಟುಹೋದರಂತೆ.

ಮಾರನೇ ದಿನ ಬೆಳಿಗ್ಗೆ ಇವನು ಹಾರೆ, ಮಂಕರಿ, ರಾಟೆ ಎಲ್ಲ ಹೊತ್ಕೊಂಡು ಹೋದರೆ, ಅಲ್ಲೊಬ್ಬ ಪರಊರಿನವನು ಕಲ್ಲಿನ ಮೇಲೆ ಕೂತು ಕಾಲು ಅಲ್ಲಾಡಿಸ್ತಿದ್ದನಂತೆ. ಹಗ್ಗ ಹಿಡಿಯೋಕೆ ಬಂದೆ ಅಂದ. ಚೌರಪ್ಪ ಎಲ್ಲಿ ಕೈ ತೋರಿಸು ಅಂದ. ಹಗ್ಗದ ಕೆಲಸದೋರ ಅಂಗೈಲಿ ಗಾಯದ ಗುರುತು ಅಡ್ಡಡ್ಡ ಇರತ್ತೆ. ಇವನದ್ದು ಗುಂಡಗೆ, ಅಂಗೈ ನಟ್ಟನಡುವೆ, ಎರಡೂ ಕೈಲಿ. ಇದೆಂಥ ಕೆಲಸದ್ದಯ್ಯಾ ಅಂತ ಕೇಳಿದರೆ, ಅದೂ ಜನರನ್ನ ಮೇಲೆತ್ತೋ ಕೆಲಸದ್ದೇ ಅಂದನಂತೆ. ಸುಮ್ಮನಿರು ಪುಟ್ಟಿ, ನಿನಗೆ ಗೊತ್ತಾಯ್ತು ಅಂತ ನನಗೂ ಗೊತ್ತು. ಚೌರಪ್ಪನಿಗೆ ಗೊತ್ತಾಗಲಿಲ್ಲ, ಅವನು ಶಾಲೆಗೂ ಹೋದವನಲ್ಲ, ಪ್ರಸಂಗಾನೂ ಬಾಗಿಲಾಚೆ ನಿಂತು ಅರ್ಧಂಬರ್ಧ ಕೇಳಿದವನು.

ಚೌರಪ್ಪ ಮನಸ್ಸಲ್ಲೇ ಅಂದ್ಕೊಂಡ, ಇವನು ಎಷ್ಟು ದಿನ ನಿಲ್ತಾನೋ ನೋಡೇಬಿಡ್ತೀನಿ. ಬಿಟ್ಟುಹೋಗೋನಾದರೆ ಈಗಲೇ ಹೋಗಲಿ, ಆಮೇಲೆ ಹೋದರೆ ನೋವು ಜಾಸ್ತಿ. ಹಾಗಂತ ಮೊದಲನೇ ದಿನ ಮಂಕರಿಗೆ ಮಣ್ಣು ಹಾಕದೆ ಬರೀ ಬಂಡೆಕಲ್ಲು ತುಂಬಿ, ಎಳಿಯೋ ಸೋಮಾರಿ, ನಿಮ್ಮೂರಲ್ಲಿ ಮುದ್ದೆ ಹಾಕಿಲ್ವೇನೋ ಅಂತ ಬೈದನಂತೆ. ಮೇಲಿನವನು ಎಳೆದ. ಇನ್ನೂ ದೊಡ್ಡ ಕಲ್ಲು ಹಾಕಿದ. ಅದನ್ನೂ ಎಳೆದ. ಸಾಯಂಕಾಲದ ಹೊತ್ತಿಗೆ ಕಲ್ಲು ತುಂಬಿ ತುಂಬಿ ಚೌರಪ್ಪನ ಸೊಂಟವೇ ಹಿಡ್ಕೊಂಡಿತಂತೆ.

ಎರಡನೇ ದಿನ, ಹಾವು ಹಾವು ಅಂತ ಬೊಬ್ಬೆ ಹೊಡೆದ. ಮೇಲಿನವನು ಸರಸರ ಎಳೆದು, ಎಲ್ಲಿ ಕಚ್ಚಿತು ಅಂತ ಕಾಲು ಹಿಡಿದು ನೋಡಿದ. ಇವನು ಹಲ್ಲು ಕಿರಿದ. ಸ್ವಲ್ಪ ಹೊತ್ತಿಗೆ ಮತ್ತೆ ಹಾವು, ಮತ್ತೆ ಎಳೆದ. ಮೂರನೇ ಸಲನೂ ಎಳೆದು, ಅದೇ ಗಾಬರೀಲಿ ಕಾಲು ಹಿಡಿದು ನೋಡಿದ. ಚೌರಪ್ಪನಿಗೇ ನಾಚಿಕೆಯಾಗಿ, ನಿನಗೆ ಬುದ್ಧಿ ಇಲ್ವೇನಯ್ಯಾ, ಸುಳ್ಳು ಅಂತ ಗೊತ್ತಾಗಲ್ವಾ ಅಂದ. ಮೊದಲನೇ ಸಲವೇ ಗೊತ್ತಾಯ್ತು, ಆದರೆ ಕಾಲು ನಿಂದಲ್ವಾ ಅಂದನಂತೆ ಅವನು. ಚೌರಪ್ಪ ಮಂಕರೀಲಿ ಕೂತು ಮತ್ತೆ ಇಳಿದ.

ಮೂರನೇ ದಿನ ಬಾವಿ ಆರಾಳು ಆಳ ಹೋಗಿತ್ತು. ಮೇಲಿಂದ ಯಾರೋ ಮಾತಾಡೋದು ಕೇಳಿಸ್ತು. ಊರಿನ ಜಪಮಾಲೆಮ್ಮ, ಅವಳ ಬಾಯಿ ಚರ್ಚಿನ ಗಂಟೆಗಿಂತ ಜೋರು. ಅಲ್ಲಪ್ಪಾ ಪರಊರಿನವನೇ, ಕೆಳಗಿರೋನು ಯಾರು ಅಂತ ನಿನಗೆ ಯಾರೂ ಹೇಳಿಲ್ವಾ? ನಗೋಕೆ ಅಂತ ಒಡಹುಟ್ಟಿದ ತಮ್ಮನ್ನೇ ಬಾವಿಗೆ ಬಿಟ್ಟವನು ಕಣಪ್ಪಾ. ಮೂರು ವರ್ಷ ಆಯ್ತು, ಒಂದು ದಿನ ಹೋಗಿ ಹೇಗಿದ್ದೀಯಾ ಅಂತ ಕೇಳಿಲ್ಲ. ಅಂಥವನಿಗೆ ಹಗ್ಗ ಹಿಡೀತಿದ್ದೀಯಲ್ಲ, ಬಿಟ್ಟು ಹೋಗು ಅಂದಳಂತೆ.

ಕೆಳಗೆ ಚೌರಪ್ಪನ ಕೈಯಿಂದ ಹಾರೆ ಬಿತ್ತು. ಅವನು ಮೇಲೆ ನೋಡಿದ, ಬಾವಿಯ ಬಾಯಿ ತಟ್ಟೆಯಷ್ಟು ಕಾಣ್ತಿತ್ತು, ಅದರಲ್ಲಿ ಯಾರ ತಲೆಯೂ ಇಲ್ಲ. ಸಿಕ್ಕಿತು ಇವನ ಪ್ರೀತಿಗೂ ತಳ, ಅಂದ್ಕೊಂಡ. ಕಲ್ಲು ತಡೆದುಕೊಂಡ, ಸುಳ್ಳು ತಡೆದುಕೊಂಡ, ಇದನ್ನ ಯಾರು ತಡೀತಾರೆ? ನಾನೇ ತಡೆಯೋಕಾಗ್ತಿಲ್ಲ. ಹೆದರ್ತಾ ಹೆದರ್ತಾನೇ ಸಣ್ಣ ದನೀಲಿ, ಇದ್ದೀಯಾ ಅಂದನಂತೆ.

ಓ, ಅಂತ ಕೇಳಿಸ್ತು ಮೇಲಿಂದ.

ಚೌರಪ್ಪ ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟ. ಆಮೇಲೆ ಮೇಲೆ ಬಂದ. ಆ ಪರಊರಿನವನು ಸೊಂಟಕ್ಕೆ ಪಂಚೆ ಬಿಗಿದು, ಈಗ ನಾನು ಇಳೀತೀನಿ, ನೀನು ಹಿಡ್ಕೊ ಅಂದ. ಚೌರಪ್ಪನ ಮುಖ ಸುಣ್ಣ ಆಯ್ತು. ಬೇಡ, ಅದೊಂದು ಬೇಡ, ನನ್ನ ಕೈ ನಂಬೋ ಕೈ ಅಲ್ಲ, ಜಪಮಾಲೆಮ್ಮ ಹೇಳಿದ್ದು ನೀನು ಕೇಳಲಿಲ್ವಾ ಅಂದ. ಅವನಾಗಲೇ ಮಂಕರೀಲಿ ಕೂತಿದ್ದ. ಇನ್ನೇನು ಮಾಡ್ತಾನೆ, ಹಿಡಿದ. ಹಗ್ಗ ಬೆವರಿಗೆ ಒದ್ದೆಯಾಯ್ತು. ಅಷ್ಟರಲ್ಲಿ ಊರೆಲ್ಲ ಬಂದು ಸುತ್ತ ನಿಂತಿತು, ಸ್ವಾಮಿಗಳು ಊಟ ಅರ್ಧಕ್ಕೇ ಬಿಟ್ಟು ಬಂದರಂತೆ, ಅಷ್ಟರ ಮೇಲೆ ನೀನೇ ಲೆಕ್ಕ ಹಾಕು. ಜಪಮಾಲೆಮ್ಮ, ಕೊಡೋ ನಾನೂ ಹಿಡೀತೀನಿ ಅಂದಳು. ಚೌರಪ್ಪ ಕೊಡಲಿಲ್ಲ. ಅಂಗೈ ಚರ್ಮ ಕಿತ್ತುಬಂತು, ರಕ್ತ ಮೊಣಕೈವರೆಗೂ ಹರೀತು, ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ. ಕೆಳಗೆ ಠಣ್ ಠಣ್ ಅಂತ ಹಾರೆ ಶಬ್ದ, ಆಮೇಲೆ ಗುಳುಗುಳು ಅಂತ ಶಬ್ದ. ನೀರು! ಎಳಿ ಚೌರಪ್ಪಾ ಅಂತ ಅವನು ಕೂಗಿದ. ಇವನು ಎಳೆದ. ಮೊಣಕಾಲುದ್ದ ನೆನೆದು, ನಗ್ತಾ ಮೇಲೆ ಬಂದನಂತೆ.

ಹೆಂಗಸರು ಕೊಡ ತರೋಕೆ ಓಡಿದರು, ಯಾರೂ ಇವರ ಕಡೆ ನೋಡಲಿಲ್ಲ. ಚೌರಪ್ಪ ನೆಲಕ್ಕೆ ಕುಸಿದು, ನಾನು ಏನು ಮಾಡಿದವನು ಅಂತ ಗೊತ್ತಿದ್ದೂ ಇಳಿದೆಯಲ್ಲ, ಯಾಕಯ್ಯಾ ಅಂದ.

ಗೊತ್ತಿದ್ದೇ ಇಳಿದೆ ಅಂದನಂತೆ ಅವನು. ನಿನ್ನ ಮೇಲಿನ ನನ್ನ ಪ್ರೀತಿ ಬರೀ ಬಾವಿ ದಡದಲ್ಲಿ ನಿಂತು ಹಗ್ಗ ಹಿಡಿಯೋದಷ್ಟೇ ಆಗಿದ್ದಿದ್ದರೆ, ನೀನು ಯಾವತ್ತೂ ಕೆಳಗಿನವನೇ ಆಗಿ ಉಳೀತಿದ್ದೆ, ಇನ್ನೊಬ್ಬರ ಹಗ್ಗ ಹಿಡಿಯೋನು ಆಗ್ತಿರಲಿಲ್ಲ.

ನಾನು ಕೈ ಬಿಟ್ಟಿದ್ದರೆ?

ಬೀಳ್ತಿದ್ದೆ. ಹಿಂದೆ ಬಿಟ್ಟವರಿದ್ದಾರೆ, ಬಿದ್ದೂ ಇದ್ದೀನಿ. ಮೂರನೇ ದಿನ ಎದ್ದು ಬಂದು ಅವರನ್ನೇ ಹುಡುಕ್ಕೊಂಡು ಹೋದೆ.

ಹಾಗಾದರೆ ನಿನ್ನ ಪ್ರೀತಿ ಕಳ್ಕೊಳ್ಳೋಕೆ ನಾನೇನು ಮಾಡಬೇಕು ಅಂತ ಕೇಳಿದನಂತೆ ಚೌರಪ್ಪ. ಆ ಕಸುಬು ನಿನಗೆ ಬರಲ್ಲ ಬಿಡು ಅಂತ ಅವನು ನಕ್ಕ. ಮೊದಲು ಎದ್ದು ನಿನ್ನ ತಮ್ಮನ ಮನೆಗೆ ಹೋಗು, ನನಗೆ ಪಕ್ಕದ ಊರಲ್ಲಿ ಕೆಲಸ ಇದೆ, ಅಲ್ಲೂ ಒಬ್ಬನ ಹಗ್ಗ ಹಿಡಿಯೋಕೆ ಯಾರೂ ಇಲ್ಲ ಅಂತ ಹೇಳಿ, ಒದ್ದೆ ಕಾಲಲ್ಲೇ ನಡೆದುಹೋದನಂತೆ. ಆಗ ತಿಳೀತು ಚೌರಪ್ಪನಿಗೆ, ಆ ಅಂಗೈ ಗುರುತು ಶಿಲುಬೆಯ ಮೊಳೆದು, ಅವನು ಯಾರು ಅಂತ.

ಆಮೇಲೆ ಚೌರಪ್ಪ ಎದ್ದ. ಒಂದು ಮನೆ ದಾಟಿದ, ಎರಡು, ಮೂರು, ನಾಲ್ಕು. ಇನ್ನಾಸಪ್ಪ ಜಗಲಿ ಮೇಲೆ ನಾರು ಹೊಸೀತಾ ಕೂತಿದ್ದ. ಇವನು ಮುಂದೆ ಹೋಗಿ ನಿಂತ, ಕೈಯಿಂದ ರಕ್ತ ತೊಟ್ಟಿಕ್ತಿತ್ತು. ತಪ್ಪಾಯ್ತು ಕಣೋ ಅಂದ. ಇನ್ನಾಸಪ್ಪ ತಲೆಯೆತ್ತಿ ನೋಡಿದ. ಅವನಿಗೂ ಕೋಪ ಇರಲಿಲ್ಲ ಅಂತಲ್ಲ ಪುಟ್ಟಿ, ಇತ್ತು, ಕಾಲು ನೋಯೋ ರಾತ್ರಿಗಳಲ್ಲಿ ಬೇಕಾದಷ್ಟಿತ್ತು. ಆದರೂ ನಾರು ಪಕ್ಕಕ್ಕಿಟ್ಟು, ಏನಣ್ಣಾ, ನಾಲ್ಕು ಮನೆ ದಾಟೋಕೆ ಮೂರು ವರ್ಷ ಬೇಕಾಯ್ತಾ? ಕುಂಟ ನೀನೋ, ನಾನೋ? ಅಂದನಂತೆ.

ಇಬ್ಬರೂ ನಗೋಕೆ ಶುರುಮಾಡಿದವರು ಅಳೋಕೆ ಹೋಗಿ, ಅಳೋಕೆ ಹೋದವರು ಮತ್ತೆ ನಕ್ಕರಂತೆ. ಆಮೇಲೆ ಇನ್ನಾಸಪ್ಪ ಮುದ್ದೆ ಮುರಿದ. ಅಣ್ಣನ ಕೈ ಗಾಯ ಅಲ್ವಾ, ತಾನೇ ಸಾರಲ್ಲಿ ಅದ್ದಿ ಒಂದೊಂದೇ ತುತ್ತು ಬಾಯಿಗಿಟ್ಟ. ಅವರ ತಟ್ಟೆ ಖಾಲಿಯಾಯ್ತು, ನನ್ನ ಬಾಯಲ್ಲಿ ಕತೇನೂ ಮುಗೀತು, ನೀನಿನ್ನು ಕಣ್ಣು ಮುಚ್ಚು.