ಮಸಿ ಒರೆಸಿದ ಮೇಲೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಇರುವುದೆಲ್ಲ ಒಬ್ಬ ಅಜ್ಜಾರು, ಒಂದು ಬೇವಿನ ಮರ, ಒಂದು ಹಳೆಯ ವ್ಯಾನು.

ಅಜ್ಜಾರು ಪೂರ್ವಾಶ್ರಮದಲ್ಲಿ ಗಾಡಿ ಓಡಿಸುತ್ತಿದ್ದರೆಂದು ಊರವರು ಹೇಳುತ್ತಾರೆ. ಕೇಳಿದರೆ ಅವರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ನಗುತ್ತಾರೆ.

ಅವರ ಶಿಷ್ಯ ಅಡಿವೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸಕ್ಕರೆಯಂಥ ಮಾತು, ಮನೆಯಲ್ಲಿ ಮಾತ್ರ ಬೆಂಕಿ. ಹೆಂಡತಿ ನಿಂಬೆವ್ವ ಮಾಡಿದ ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಅಂಗಳಕ್ಕೆ ಹಾರುತ್ತಿತ್ತು.

ಒಮ್ಮೆ ಹಾಗೆ ಹಾರಿದ ತಾಟು ಮಗಳು ಅನುಸೂಯಾಳ ಕಾಲ ಬಳಿ ಬಿತ್ತು. ಹುಡುಗಿ ಅಳಲಿಲ್ಲ. ತಾಟನ್ನು ಎತ್ತಿಕೊಂಡು ಹೋಗಿ ತೊಳೆದು ಅದರ ಜಾಗದಲ್ಲಿ ಇಟ್ಟಳು. ಅವಳು ಅತ್ತಿದ್ದರೆ ಅಡಿವೆಪ್ಪ ಇನ್ನೂ ಹಾಗೇ ಇರುತ್ತಿದ್ದನೋ ಏನೋ. ಅಳಲಿಲ್ಲವೆಂದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಂದೇ ಮಠಕ್ಕೆ ಬಂದ.

ಇಡೀ ಚಳಿಗಾಲ ಅಲ್ಲೇ ಉಳಿದ. ಕಸ ಗುಡಿಸಿದ, ರೊಟ್ಟಿ ಬಡಿದ, ಬೈಸಿಕೊಂಡ, ತಿರುಗಿ ಬಯ್ಯದಿರುವುದನ್ನು ಕಲಿತ. ಸಿಟ್ಟು ಇಳಿಯಿತು. ನಿಜವಾಗಿಯೂ ಇಳಿಯಿತು, ಅದರಲ್ಲಿ ಸುಳ್ಳಿಲ್ಲ.

ಆಮೇಲೆ ಹಿಗ್ಗಿನಿಂದ ಮನೆಗೆ ಹೋದ. ವಾರ ತುಂಬುವ ಮೊದಲೇ ಜೋಲು ಮುಖ ಹೊತ್ತು ಮಠಕ್ಕೆ ತಿರುಗಿ ಬಂದ.

"ಅಜ್ಜಾರ, ನನಗ ಕಾವಿ ಕೊಡ್ರಿ. ಇನ್ನ ಮನಿ ಕಡೆ ಹೋಗೂದಿಲ್ಲ. ಇಲ್ಲೇ ಇರತೇನಿ."

"ಯಾಕೋ ತಮ್ಮಾ? ಮನ್ಯಾಗ ಏನಾತು?"

"ನಾ ಒಂದ ಮಾತೂ ಜೋರಾಗಿ ಆಡಲಿಲ್ರಿ. ಆದ್ರೂ ನಾ ಒಳಗ ಬಂದ್ರ ನಿಂಬೆವ್ವ ಮಾತು ನಿಲ್ಲಸ್ತಾಳ. ಉಪ್ಪು ತುಸು ಕಡಿಮಿ ಐತಿ ಅಂತ ಮೆತ್ತಗ ಅಂದೆ. 'ತಾಟು ಅಂಗಳಕ್ಕ ಒಗದಬಿಡ್ರಿ, ಯಾಕ ತಡಾ ಮಾಡ್ತೀರಿ?' ಅಂತ ಚೀರಿದ್ಲು. ಮಗಳು ಕದದ ಹಿಂದ ನಿಂತಿದ್ಲು."

ಅಡಿವೆಪ್ಪ ಹೆಗಲಿನ ಚೀಲವನ್ನು ಜಗಲಿಯ ಮೇಲೆ ಇಟ್ಟ.

"ಹೆಂಡತಿ ಹೆದರತಾಳ, ಮಗಳು ಅಡಗತಾಳ. ನಾ ಬದಲಾಗಿ ಏನ ಬಂತ್ರಿ?"

ಅಜ್ಜಾರು ಬೇವಿನ ಮರದ ಕೆಳಗಿನ ವ್ಯಾನಿನ ಕಡೆ ನೋಡಿದರು.

"ಗಾಡಿ ನಿಂತಲ್ಲೇ ನಡಗತೈತಿ, ಬಂದ್ ಬೀಳತೈತಿ. ಬಾ, ಮೊದಲ ಅದನ್ನ ನೋಡೂಣು."

ಕಾವಿ ಕೇಳಿದರೆ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟರಲ್ಲ ಎಂದು ಅಡಿವೆಪ್ಪನಿಗೆ ಬೇಸರವಾಯಿತು. ಆದರೂ ಬಾನೆಟ್ ಎತ್ತಿದ. ಅಜ್ಜಾರು ತೋರಿಸಿದ ದಪ್ಪ ರಬ್ಬರ್ ಪೈಪನ್ನು ಬಿಚ್ಚಿದ.

ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಕಂಡಿತು. ಥ್ರಾಟಲ್ ಬಾಡಿ ಎನ್ನುತ್ತಾರೆ ಅದಕ್ಕೆ. ಬಾಯಿಗೆ ಅಡ್ಡಲಾಗಿ ಒಂದು ದುಂಡನೆಯ ಬಿಲ್ಲೆ. ಎಕ್ಸಿಲೇಟರ್ ತುಳಿದಷ್ಟೂ ಅದು ತೆರೆದುಕೊಳ್ಳುತ್ತದೆ. ಬಿಲ್ಲೆಯ ಅಂಚಿನ ಸುತ್ತ ಕರ್ರನೆಯ ಮಸಿ ಹೆಪ್ಪುಗಟ್ಟಿತ್ತು.

"ನಮ್ಮ ರಸ್ತೆ ಧೂಳೆಲ್ಲಾ ಇಲ್ಲೇ ಬಂದು ಕುಂತೈತ್ರಿ."

"ಹೊರಗಿನ ಧೂಳನ್ನ ಫಿಲ್ಟರ್ ಹಿಡೀತೈತಿ. ಇದು ಎಂಜಿನ್ ತಾನೇ ಬಿಟ್ಟ ಉಸಿರು."

ಅಡಿವೆಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆರೆಯಲು ಹೋದ. ಅಜ್ಜಾರು ಅವನ ಮುಂಗೈ ಹಿಡಿದರು.

"ಕೆರೀಬ್ಯಾಡ, ಗಾಯ ಆಗತೈತಿ. ಅರಿವಿ ತುಂಡಿಗೆ ಔಷಧ ಹೊಡಕೊಂಡು ಮೆತ್ತಗ ಒರಸು."

ಹಳೆಯ ಪಂಚೆಯ ತುಂಡಿಗೆ ಮಸಿ ಕರಗಿಸುವ ಸ್ಪ್ರೇ ಹೊಡೆದುಕೊಂಡು ಅವನು ಒರೆಸತೊಡಗಿದ. ಬಟ್ಟೆ ಕಪ್ಪಾಯಿತು, ಬೆರಳು ಕಪ್ಪಾದವು, ಮೂಗಿನ ಮೇಲೂ ಒಂದು ಗೆರೆ ಬಿತ್ತು. ಕೊನೆಗೆ ಬಿಲ್ಲೆ ಹೊಳೆಯಿತು. ಅಡಿವೆಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ತಾನು ಕಾವಿ ಕೇಳಲು ಬಂದದ್ದೇ ಗಳಿಗೆ ಹೊತ್ತು ಮರೆತುಹೋಯಿತು.

ಪೈಪು ಜೋಡಿಸಿ ಕೀಲಿ ತಿರುವಿದ.

ಎಂಜಿನ್ ಹೋ ಎಂದು ಒದರಿತು. ಏರಿತು, ಇಳಿಯಿತು, ಮತ್ತೆ ಏರಿತು. ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಅಡಿವೆಪ್ಪ ಗಾಬರಿಯಿಂದ ಎಕ್ಸಿಲೇಟರ್ ತುಳಿದ. ಅದು ಇನ್ನೂ ಜೋರಾಗಿ ಕಿರುಚಿತು.

"ಕಾಲು ತಗಿ," ಎಂದರು ಅಜ್ಜಾರು.

"ಕೆಡಿಸಿಬಿಟ್ಟೆ ಅಜ್ಜಾರ! ಸ್ವಚ್ಛ ಮಾಡೇನಿ, ಆದ್ರೂ ಮೊದಲಿಗಿಂತ ಹೆಚ್ಚು ಒದರತೈತ್ರಿ!"

"ಅದರೊಳಗ ಒಂದು ಸಣ್ಣ ಕಂಪ್ಯೂಟರ್ ಐತಿ. ವರ್ಷಗಟ್ಟಲೆ ಮಸಿ ದಾರಿ ಕಟ್ಟಿತ್ತಲ್ಲ, ಉಸಿರು ಸಾಲೂದಿಲ್ಲ ಅಂತ ಅದು ಬಿಲ್ಲೆಯನ್ನ ಹೆಚ್ಚಿಗೆ ತೆರದಿಡೂದು ರೂಢಿ ಮಾಡಿಕೊಂಡೈತಿ. ಮಸಿ ಹೋಗೇತಿ ಅನ್ನೂದು ಅದಕ್ಕಿನ್ನೂ ಗೊತ್ತಿಲ್ಲ."

"ಹಂಗಾದ್ರ ಅದಕ್ಕ ಹೇಳೂದು ಹ್ಯಾಂಗ್ರಿ?"

"ಹೇಳಾಕ ಬರೂದಿಲ್ಲ. ಚಾಲೂ ಇಟ್ಟು ಸುಮ್ಮನ ಕೂಡಬೇಕು. ಅದೇ ಕಲೀತೈತಿ."

"ಈ ಸಪ್ಪಳ ಕೇಳಾಕಾಗವಲ್ಲದ್ರಿ. ಬಂದ್ ಮಾಡಿಬಿಡ್ಲೇನು?"

"ಬಂದ್ ಮಾಡಿದ್ರ ಅದು ಹ್ಯಾಂಗ ಕಲೀಬೇಕು?"

ಅಡಿವೆಪ್ಪ ಕೀಲಿಯಿಂದ ಕೈ ತೆಗೆದ. ಅಜ್ಜಾರು ಪಕ್ಕದ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು.

ಎಂಜಿನ್ ಒದರುತ್ತಲೇ ಇತ್ತು. ತುಳಿಯಬೇಕೆಂದು ಅಡಿವೆಪ್ಪನ ಕಾಲು ತುಡಿಯಿತು. ಅವನು ಕಾಲು ಮಡಚಿಕೊಂಡು ಕುಳಿತ. ನೆರಳು ಸರಿದು ಬಿಸಿಲು ತೊಡೆಯ ಮೇಲೆ ಬಂತು.

ಆಮೇಲೆ, ಒಲೆಯ ಉರಿ ತಗ್ಗಿಸಿದ ಹಾಲಿನ ಹಾಗೆ, ಸದ್ದು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯಿತು. ಒಮ್ಮೆ ನಡುಗಿತು. ಇನ್ನೇನು ನಿಂತೇಹೋಯಿತು ಎನ್ನುವಾಗ ಚೇತರಿಸಿಕೊಂಡಿತು. ಕೊನೆಗೆ ಒಂದೇ ಸಮನೆ, ಮೆತ್ತಗೆ ಓಡತೊಡಗಿತು. ಹೊಳೆಯ ನೀರಿನ ಸಪ್ಪಳ ಕೇಳಿಸಿತು. ಕಾಗೆಗಳು ಮರಕ್ಕೆ ತಿರುಗಿ ಬಂದವು.

ಅಡಿವೆಪ್ಪ ತನ್ನ ಕಪ್ಪಾದ ಕೈಗಳನ್ನು ನೋಡಿಕೊಂಡ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡ.

ಅಜ್ಜಾರು ಕಣ್ಣು ತೆರೆದರು.

"ಕದದ ಹಿಂದ ನಿಂತಿದ್ಲಲ್ಲ ಆ ಹುಡುಗಿ, ಹೊರಗ ಇಣಕಿದ್ಲೋ ಇಲ್ಲೋ?"

ಅಡಿವೆಪ್ಪ ನೆನಪು ಮಾಡಿಕೊಂಡ.

"ನಾ ಹೊರಡೂ ಮುಂದ ಒಮ್ಮೆ ಇಣಕಿದ್ಲ್ರಿ."

ಅಜ್ಜಾರು ವ್ಯಾನಿನಿಂದ ಇಳಿದು, ಜಗಲಿಯ ಮೇಲಿದ್ದ ಅವನ ಚೀಲವನ್ನು ತಂದು ಮಡಿಲಿಗೆ ಹಾಕಿದರು.

"ಮನಿಗೆ ಹೋಗು. ಎಕ್ಸಿಲೇಟರ್ ತುಳೀಬ್ಯಾಡ, ಬಂದೂ ಮಾಡಬ್ಯಾಡ."