ಅರಸನ ಅತ್ತೆ ರಥ ಹತ್ತಿದ್ದು

ಮುತ್ತಿನಕೋಟೆಯ ಅರಸ ಮಲ್ಲಭೂಪನಿಗೆ ಒಂದು ಮಧ್ಯಾಹ್ನ ಹೋಳಿಗೆ ತಣ್ಣಗಾಗಿಬಿಟ್ಟಿತು. ಕೋಟೆ ಬಾಗಿಲ ಮುಂದೆ ಎತ್ತಿನ ಗಾಡಿಗಳು ಜನ ಹತ್ತಿಸಿಕೊಳ್ಳುತ್ತ ನಿಂತಿದ್ದವು. ಅವುಗಳ ಹಿಂದೆ ಊಟಕ್ಕೆ ಹೊರಟಿದ್ದ ಅರಸನ ರಥ ಸಿಕ್ಕಿಕೊಂಡಿತ್ತು. ಹಸಿದ ಹೊಟ್ಟೆಯವನ ಕೈಯಲ್ಲಿ ಕಟ್ಟಳೆ ಮಾಡುವ ಅಧಿಕಾರವೂ ಇದ್ದರೆ ಏನಾಗಬೇಕೋ ಅದೇ ಆಯಿತು.

“ಇಂದಿನಿಂದ ಕೋಟೆ ಬಾಗಿಲ ಮುಂದೆ ಯಾವ ಗಾಡಿಯ ಚಕ್ರವೂ ನಿಲ್ಲಕೂಡದು! ನಿಂತರೆ ದಂಡ. ಎತ್ತುಗಳನ್ನು ಹಿಡಿದು ಮೂರು ತಿಂಗಳು ಕೋಟೆಗೆ ಕಲ್ಲು ಎಳೆಸಿ!”

ಕೊತ್ವಾಲ ಭರಮಪ್ಪನಿಗೆ ಹಬ್ಬವೋ ಹಬ್ಬ. ಮರುದಿನ ಬೆಳಗಾಗುತ್ತಲೇ ಹಗ್ಗ ಹಿಡಿದು ಬಾಗಿಲಲ್ಲಿ ನಿಂತ. ಮೊದಲು ಸಿಕ್ಕಿದ್ದು ಹಲಗೇಗೌಡನ ಜೋಡೆತ್ತು.

ಹಲಗೇಗೌಡ ಅಳುತ್ತ ಆಸ್ಥಾನದ ವಿದೂಷಕ ಕೊಂಡಯ್ಯನ ಮನೆಗೆ ಓಡಿಬಂದ.

“ಬುದ್ಧೀ, ಮಂಡಿನೋವಿನ ಮುದುಕಿ ಒಬ್ಳು ಗಾಡಿ ಹತ್ತಾಕೆ ಬಂದ್ಲು. ಓಡೋ ಗಾಡಿಗೆ ಹೆಂಗೆ ಹತ್ತಾಳು? ಒಂದ್ ಗಳಿಗೆ ನಿಲ್ಲಿಸ್ದೆ ಅಷ್ಟೆ, ಎತ್ತು ಹೊಡ್ಕೊಂಡೋದ್ರು. ವಯಸ್ಸಾಗೈತೆ ಅವಕ್ಕೆ. ಕಲ್ಲು ಎಳೆದ್ರೆ ಬದುಕಿ ಬರಾಕಿಲ್ಲ!”

ಕೊಂಡಯ್ಯ ಆ ಎತ್ತುಗಳ ಋಣದಲ್ಲಿದ್ದ. ಎಷ್ಟೋ ಸಲ ಮದುವೆಯೂಟ ಬಿಗಿದು ನಡೆಯಲಾರದೆ ಕೂತ ಅವನನ್ನು ಮನೆಗೆ ತಂದು ಹಾಕಿದ್ದು ಇದೇ ಎತ್ತುಗಳು.

ಅಂದೇ ಆಸ್ಥಾನದಲ್ಲಿ ಅವನು ಮೆಲ್ಲಗೆ ಮಾತು ತೆಗೆದ. “ಪ್ರಭು, ಕಟ್ಟಳೆ ಭೇಷಾಗಿದೆ. ಆದರೆ ಅದು ಬಡವರಿಗೆ ಮಾತ್ರವೇನೋ ಅಂತ ಊರಲ್ಲಿ ಗುಸುಗುಸು.”

ಅರಸ ಮೀಸೆ ತಿರುವಿದ. “ಯಾರು ಹಾಗೆಂದವನು? ನನ್ನ ರಥಕ್ಕೂ ಅದೇ ಕಟ್ಟಳೆ! ನಿಂತರೆ ನನ್ನ ಕುದುರೆಗಳೂ ಕಲ್ಲು ಎಳೆಯಲಿ. ಕೊತ್ವಾಲ, ನನ್ನ ಮುಖ ನೋಡಿ ಬಿಟ್ಟೆಯೋ, ಕಲ್ಲು ಎಳೆಯುವವನು ನೀನು!”

“ಅರಸನೆಂದರೆ ಹೀಗಿರಬೇಕು!” ಎಂದು ಕೊಂಡಯ್ಯ ಕೈಮುಗಿದ.

ಮಾರನೆಯ ದಿನ ರಾಣಿಯ ಸೀಮಂತ. ಅರಸನ ಅತ್ತೆ ದೊಡ್ಡಜಮ್ಮಣ್ಣಿಯವರು ಬರುವವರಿದ್ದರು. ಆ ಮನೆತನದಲ್ಲಿ ಬೀಗರ ಪಲ್ಲಕ್ಕಿ ಕೋಟೆಯೊಳಗೆ ಬರುವ ಪದ್ಧತಿಯಿಲ್ಲ. ಅಳಿಯನೇ ಬಾಗಿಲಿಗೆ ಹೋಗಿ, ಅತ್ತೆಯನ್ನು ತನ್ನ ರಥಕ್ಕೆ ಹತ್ತಿಸಿಕೊಂಡು ಬರಬೇಕು. ಈ ಸಂಗತಿ ಕೋಪದಲ್ಲಿದ್ದ ಅರಸನಿಗೆ ಮರೆತಿತ್ತು, ಕೊಂಡಯ್ಯನಿಗೆ ಮರೆತಿರಲಿಲ್ಲ.

ಬೆಳಗ್ಗೆ ಸಾರಥಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಹೇಗೆ ಬಂತೆಂದು ಯಾರೂ ಕೊಂಡಯ್ಯನನ್ನು ಕೇಳಲಿಲ್ಲ. ಲಗಾಮು ಅವನ ಕೈಗೆ ಬಂತು.

ಬಾಗಿಲಲ್ಲಿ ದೊಡ್ಡಜಮ್ಮಣ್ಣಿ ನಿಂತಿದ್ದರು. ತುಂಬು ಮೈಯ ಹೆಂಗಸು. ಸುತ್ತ ಹಪ್ಪಳದ ಬುಟ್ಟಿಗಳು, ಉಪ್ಪಿನಕಾಯಿ ಭರಣಿ, ಪಂಜರದಲ್ಲೊಂದು ಗಿಳಿ.

“ಬನ್ನಿ, ಅತ್ತೆಯವರೇ!” ಎಂದು ಅರಸ ಕೈ ಚಾಚಿದ. ರಥ ಮುಂದೆ ಹೋಗೇಬಿಟ್ಟಿತು.

“ಏ ಕೊಂಡಯ್ಯ, ನಿಲ್ಲಿಸೋ!”

“ನಿಲ್ಲಿಸಿದರೆ ದಂಡ, ಪ್ರಭು. ಅಗೋ, ಭರಮಪ್ಪ ಹಗ್ಗ ಹಿಡಿದೇ ಇದ್ದಾನೆ. ಬಯಲಿಗೆ ಒಂದು ಸುತ್ತು ಹಾಕಿ ಬರೋಣ. ಅವರು ಓಡಿ ಹತ್ತಿಕೊಳ್ಳಲಿ.”

ಎರಡನೆಯ ಸುತ್ತಿನಲ್ಲಿ ದೊಡ್ಡಜಮ್ಮಣ್ಣಿ ನೆರಿಗೆ ಎತ್ತಿ ಹಿಡಿದು ನಿಜಕ್ಕೂ ಓಡಿದರು. ಭರಣಿ ಅರಸನ ತೊಡೆಗೆ ಬಂತು, ಅತ್ತೆ ಬರಲಿಲ್ಲ. ಮೂರನೆಯ ಸುತ್ತಿನಲ್ಲಿ ಗಿಳಿ ಹತ್ತಿತು. ಅತ್ತೆ ಅಲ್ಲೇ ಹಪ್ಪಳದ ಬುಟ್ಟಿಯ ಮೇಲೆ ಕುಸಿದರು. ಒಳಗಿದ್ದ ಹಪ್ಪಳದ ಗತಿ ಕೇಳಬೇಡಿ.

“ಅಳಿಯಂದಿರೇ! ಏನು ಹುಡುಗಾಟ ಇದು? ಇನ್ನೊಂದು ಸಲ ಮುಂದೆ ಹೋದಿರೋ, ಹೀಗೇ ಊರಿಗೆ ಹಿಂದಿರುಗುತ್ತೇನೆ. ಮಗಳನ್ನೂ ಕರೆದುಕೊಂಡು ಹೋಗುತ್ತೇನೆ!”

ಅರಸ ಕೊಂಡಯ್ಯನ ಭುಜ ಹಿಡಿದು ಅಲುಗಿಸಿದ. “ನಿಲ್ಲಿಸೋ ಮಾರಾಯ!”

ರಥ ನಿಂತಿತು. ಅತ್ತೆ ಏದುಸಿರು ಬಿಡುತ್ತ ಹತ್ತಿ ಕೂತರು. ಭರಮಪ್ಪ ಬೆವರುತ್ತ ಬಂದು ಕುದುರೆಗಳನ್ನು ಬಿಚ್ಚಿ ದೊಡ್ಡಿಗೆ ಕಳಿಸಿದ. ಪಾಪ, ಅವನಾದರೂ ಏನು ಮಾಡಿಯಾನು? ಕಲ್ಲು ಎಳೆಯುವ ಆಸೆ ಅವನಿಗೂ ಇರಲಿಲ್ಲ.

ಕುದುರೆಯಿಲ್ಲದ ರಥದಲ್ಲಿ ಅರಸ, ಅತ್ತೆ, ಗಿಳಿ. ನೋಡಲು ಊರೇ ನೆರೆಯಿತು.

“ಈಗೇನೋ ಮಾಡುವುದು?” ಅರಸ ಹಲ್ಲು ಕಡಿದ.

“ಹಲಗೇಗೌಡನ ಗಾಡಿ ಇದೆ, ಪ್ರಭು. ಆದರೆ ಅವನ ಎತ್ತುಗಳು ತಮ್ಮ ದೊಡ್ಡಿಯಲ್ಲಿವೆ.”

“ಬಿಡಿಸಿ ತರಿಸು!”

“ತರಿಸಬಹುದು. ತಾವು ಹತ್ತುವಾಗ ಗಾಡಿ ನಿಲ್ಲಬೇಕಲ್ಲ? ಮತ್ತೆ ಹಿಡಿಯುತ್ತಾರೆ.”

ದೊಡ್ಡಜಮ್ಮಣ್ಣಿ ಅಳಿಯನನ್ನು ದುರುಗುಟ್ಟಿ ನೋಡಿದರು. ಅರಸ ಎದ್ದು ನಿಂತು ಕೂಗಿದ: “ಜನ ಹತ್ತಿಸಿಕೊಳ್ಳಲು ಯಾರ ಗಾಡಿ ಬೇಕಾದರೂ ನಿಲ್ಲಲಿ! ಎತ್ತು, ಕುದುರೆ ಎಲ್ಲ ಬಿಟ್ಟುಬಿಡಿ!”

ಎತ್ತುಗಳು ಬಂದವು. ಹಲಗೇಗೌಡ ಅವುಗಳ ಕೊರಳು ತಬ್ಬಿಕೊಂಡು ಗಳಗಳನೆ ಅತ್ತ. ಆದರೆ ಭರಮಪ್ಪ ಬಿಡುವ ಆಸಾಮಿಯಲ್ಲ.

“ಪ್ರಭು, ಒಂದು ಮಿತಿ ಬೇಡವೇ? ಹೀಗೆ ಬಿಟ್ಟರೆ ಬಾಗಿಲಲ್ಲೇ ಒಲೆ ಹೂಡುತ್ತಾರೆ! ಎಷ್ಟು ಹೊತ್ತಾದ ಮೇಲೆ ದಂಡ ಹಾಕಲಿ?”

ಅರಸ ಕೊಂಡಯ್ಯನ ಮುಖ ನೋಡಿದ.

“ಬಹಳ ಸುಲಭ, ಕೊತ್ವಾಲರೇ,” ಎಂದ ಕೊಂಡಯ್ಯ. “ಹತ್ತುತ್ತಿರುವವರು ಯಾರೇ ಆಗಲಿ, ಅರಸರ ಅತ್ತೆಯೆಂದೇ ತಿಳಿಯಿರಿ. ‘ಬೇಗ ಹತ್ತಿ’ ಎನ್ನುವ ಧೈರ್ಯ ನಿಮಗೆ ಬಂದ ಕೂಡಲೇ ದಂಡ ಹಾಕಿ.”

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕು, ಕೈಯ ಕಡಗ ಕಳಚಿ ಕೊಂಡಯ್ಯನಿಗೆ ಕೊಟ್ಟ. ಭರಮಪ್ಪ ಒಮ್ಮೆ ದೊಡ್ಡಜಮ್ಮಣ್ಣಿಯವರ ಮುಖ ನೋಡಿದ. ಹಗ್ಗವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಪ್ಪಳದ ಬುಟ್ಟಿಗಳನ್ನು ಗಾಡಿಗೆ ಏರಿಸತೊಡಗಿದ.